ಹಳದಿ ಅಂಗಿಯ ಮೇಳ

ಮಿಜಾರಿನಲ್ಲಿ ಹುಟ್ಟಿದವನಿಗೆ ಓಟವೆಂದರೆ ಏನೆಂಬುದನ್ನು ಯಾರೂ ಬೋಧಿಸಬೇಕಾಗಿಲ್ಲ. ಓಟವು ಕೆಸರಿನಲ್ಲಿ ನಡೆಯತಕ್ಕದ್ದು. ಅದರಲ್ಲಿ ಎರಡು ಕೋಣಗಳೂ ಅವುಗಳ ಬೆನ್ನ ಹಿಂದೆ ಒಬ್ಬ ಮನುಷ್ಯನೂ ಇರತಕ್ಕದ್ದು. ಹೊರಡುವ ಗಂತಿನಲ್ಲಿ ಬಿಟ್ಟದ್ದು ಮುಟ್ಟುವ ಮಂಜೊಟ್ಟಿಯಲ್ಲಿ ನಿಲ್ಲತಕ್ಕದ್ದು. ಈ ತ್ರಿವಿಧ ಲಕ್ಷಣಗಳಲ್ಲಿ ಒಂದು ತಪ್ಪಿದರೂ ಅದು ಓಟವಲ್ಲ, ಬರಿಯ ಅವಸರ. ಬಾಲ್ಯದಿಂದಲೂ ಇಂಥ ದೃಢವಾದ ಶಾಸ್ತ್ರಜ್ಞಾನವನ್ನು ಹೊಂದಿದ್ದ ನಾನು, ಮೂವತ್ತು ಚಿಲ್ಲರೆ ವರ್ಷ ಮಾಷ್ಟ್ರಿಕೆ ಮಾಡಿ ನಿವೃತ್ತನಾಗಿ, ಅಡಕೆ ತೋಟದ ಬದಿಯಲ್ಲಿ ಕುಳಿತು ಶೇಷಾಯುಷ್ಯವನ್ನು ನಿರ್ವಿಘ್ನವಾಗಿ ಕಳೆಯಬೇಕೆಂದಿದ್ದವನು, ಸಪ್ತಸಮುದ್ರಗಳಾಚೆ ಒಂದು ಬೀದಿಯ ಬದಿಯಲ್ಲಿ ಮಡಚುಕುರ್ಚಿ ಹಾಕಿಕೊಂಡು ಸೈಕಲುಗಳನ್ನು ಕಾಯಬೇಕಾಗಿ ಬಂದದ್ದು ಪೂರ್ವಜನ್ಮದ ಕರ್ಮವಿಶೇಷವೇ ಇರಬೇಕು.

ಸೈಕಲು ನಮ್ಮೂರಿಗೆ ಅಪರಿಚಿತವಾದ ವಸ್ತುವೆಂದಲ್ಲ. ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ಹೆದ್ದಾರಿ ಮಿಜಾರನ್ನು ಹಾದೇ ಹೋಗುವುದರಿಂದ, ಪೋಂ ಪೋಂ ಎಂದು ಹಾರ್ನು ಹಿಸುಕುತ್ತ ಬರುವ ಮೀನಿನ ಸೈಕಲು, ಬೀಡಿಯ ಬ್ರಾಂಚಿಗೆ ಕಟ್ಟುಗಳನ್ನು ಒಯ್ಯುವವರ ಸೈಕಲು, ಅಂಚೆಯವನ ಕೆಂಪು ಸೈಕಲು, ಇವೆಲ್ಲ ನಮ್ಮ ದಿನಚರಿಯ ಗಡಿಯಾರಗಳೇ ಆಗಿದ್ದವು. ಆದರೆ ಏರುತಗ್ಗುಗಳ ನಮ್ಮ ಸೀಮೆಯಲ್ಲಿ ಸೈಕಲಿಗೂ ಸವಾರನಿಗೂ ಒಂದು ಅಲಿಖಿತ ಒಪ್ಪಂದವಿತ್ತು: ಇಳಿಜಾರಿನಲ್ಲಿ ಸೈಕಲು ಮನುಷ್ಯನನ್ನು ಹೊರತಕ್ಕದ್ದು, ಏರಿನಲ್ಲಿ ಮನುಷ್ಯನು ಸೈಕಲನ್ನು ದೂಡತಕ್ಕದ್ದು. ಇದನ್ನು ಮೀರಿ ಏರಿನಲ್ಲಿಯೂ ತುಳಿಯುವವನನ್ನು ಊರಿನವರು ಮೆಚ್ಚುತ್ತಿರಲಿಲ್ಲ. ‘ಅವನಿಗೆ ಮನೆಯಲ್ಲಿ ಏನೋ ಅರ್ಜೆಂಟು ಉಂಟು’ ಎಂದು ಮರುಕಪಡುತ್ತಿದ್ದರು.

ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಸೈಕಲಿನ ಕಂಬಿಯ ಕೆಳಗಿನಿಂದ ಕಾಲು ತೂರಿಸಿ, ದೇಹವನ್ನು ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿಸಿಕೊಂಡು ನಾನು ಕಲಿತ ಆ ವಿದ್ಯೆಯಲ್ಲಿ ನನಗೆ ದೊರೆತ ಏಕಮಾತ್ರ ಪುರಸ್ಕಾರವೆಂದರೆ, ಶಾಲಾ ವಾರ್ಷಿಕೋತ್ಸವದ ನಿಧಾನ ಸೈಕಲ್ ಸ್ಪರ್ಧೆಯ ಪ್ರಥಮ ಬಹುಮಾನವಾದ ಒಂದು ಸ್ಟೀಲು ಲೋಟ. ಎಲ್ಲರಿಗಿಂತ ಕೊನೆಗೆ ಮುಟ್ಟಿದವನು ಗೆಲ್ಲುವ ಆ ಸ್ಪರ್ಧೆಯು ನನ್ನ ಪ್ರಕೃತಿಗೆ ಎಷ್ಟು ಹೊಂದಿಕೆಯಾಗಿತ್ತೆಂದರೆ, ಮುಂದೆ ಜೀವನದ ಬೇರೆ ಬೇರೆ ಕ್ಷೇತ್ರಗಳಲ್ಲಿಯೂ ನಾನು ಅದೇ ನಿಯಮವನ್ನು ಪಾಲಿಸಿದೆ. ಬಹುಮಾನ ಮಾತ್ರ ಮತ್ತೆ ಬರಲಿಲ್ಲ.

2014ರ ಮೇ ತಿಂಗಳಿನಲ್ಲಿ ನಾವು, ಎಂದರೆ ನಾನೂ ನನ್ನ ಹೆಂಡತಿಯೂ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿರುವ ಲೀಡ್ಸ್ ಪಟ್ಟಣಕ್ಕೆ ಮಗಳ ಮನೆಗೆ ಹೊರಟೆವು. ಹೊರಡುವಾಗ ಮನಸ್ಸು ಅಷ್ಟು ಸ್ವಸ್ಥವಾಗಿರಲಿಲ್ಲ. ತಮಿಳುನಾಡಿನ ಜಲ್ಲಿಕಟ್ಟನ್ನೂ ಮಹಾರಾಷ್ಟ್ರದ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿ ಸರ್ವೋಚ್ಚ ನ್ಯಾಯಾಲಯವು ಅದೇ ತಿಂಗಳ 7ರಂದು ತೀರ್ಪು ಕೊಟ್ಟಿದ್ದುದರಿಂದ, ಅದರ ನೆರಳು ನಮ್ಮ ಕಂಬಳದ ಮೇಲೆಯೂ ಬೀಳುವುದೆಂಬ ಭೀತಿ ಊರಿನ ಚಾದಂಗಡಿಯಲ್ಲಿ ದಟ್ಟವಾಗಿ ಹಬ್ಬಿತ್ತು. ಕೋಣಗಳಿಗೆ ನೋವಾಗುವುದೋ ಇಲ್ಲವೋ ಎಂಬ ಜಿಜ್ಞಾಸೆಯನ್ನು ಅರ್ಧಕ್ಕೆ ಬಿಟ್ಟು ವಿಮಾನ ಹತ್ತಿದ ನನಗೆ, ಲೀಡ್ಸಿನಲ್ಲಿ ಇಳಿದೊಡನೆ ಕಂಡದ್ದೇನು? ಮನೆಗಳ ಗೋಡೆಯ ಮೇಲೆ ಹಳದಿ ಬಣ್ಣ ಬಳಿದ ಸೈಕಲು, ಹೋಟೆಲುಗಳ ಕಿಟಕಿಯಲ್ಲಿ ಹಳದಿ ಸೈಕಲು, ಬೀದಿಯುದ್ದಕ್ಕೂ ಅಜ್ಜಿಯರು ಉಣ್ಣೆಯಲ್ಲಿ ಹೆಣೆದು ತೋರಣ ಕಟ್ಟಿದ ಅಂಗೈಯಗಲದ ಅಂಗಿಗಳು. ಊರಿಗೆ ಊರೇ ಮುತ್ತೈದೆಯಂತೆ ಅರಿಶಿನ ಬಳಿದುಕೊಂಡು ನಿಂತಿತ್ತು. ‘ಇಲ್ಲಿ ಯಾವ ದೇವರ ಜಾತ್ರೆ?’ ಎಂದು ನಾನು ಕೇಳಿದೆ. ‘ಟೂರ್ ಡಿ ಫ್ರಾನ್ಸ್ ಅಜ್ಜ, ಈ ಸಲ ನಮ್ಮ ಊರಿನಿಂದಲೇ ಶುರು’ ಎಂದು ಮೊಮ್ಮಗ ಕುಣಿದ. ಫ್ರಾನ್ಸಿನ ಪ್ರದಕ್ಷಿಣೆಯು ಇಂಗ್ಲೆಂಡಿನಲ್ಲಿ ಏಕೆ ಆರಂಭವಾಗಬೇಕೆಂಬ ನನ್ನ ನ್ಯಾಯವಾದ ಸಂದೇಹಕ್ಕೆ ಯಾರೂ ಉತ್ತರಿಸಲಿಲ್ಲ.

ಅಳಿಯ ಒಂದು ಸಂಜೆ ಕುಳಿತು ಪುರಾಣವನ್ನೆಲ್ಲ ವಿವರಿಸಿದ. 1903ರಲ್ಲಿ ಪ್ಯಾರಿಸಿನ ‘ಲೋಟೊ’ ಎಂಬ ಪತ್ರಿಕೆಯವರು ತಮ್ಮ ಪ್ರತಿಗಳು ಹೆಚ್ಚು ಮಾರಾಟವಾಗಲೆಂದು ಹೂಡಿದ ಉಪಾಯವೇ ಈ ಸ್ಪರ್ಧೆಯಂತೆ; ಆ ಪತ್ರಿಕೆಯ ಕಾಗದ ಹಳದಿಯಾಗಿದ್ದುದರಿಂದ 1919ರಿಂದ ಮುಂಚೂಣಿಯಲ್ಲಿರುವವನಿಗೆ ಹಳದಿ ಅಂಗಿಯಂತೆ. ಅದನ್ನು ಮೊದಲು ತೊಟ್ಟ ಯೂಜೀನ್ ಕ್ರಿಸ್ಟೋಫ್ ಎಂಬವನನ್ನು ಜನರು ಪಂಜರದ ಹಳದಿ ಹಕ್ಕಿಯೆಂದು ಹಾಸ್ಯ ಮಾಡಿದರಂತೆ. ಎರಡನೆಯ ವರ್ಷವೇ, ಎಂದರೆ 1904ರಲ್ಲಿ, ಮೊದಲ ನಾಲ್ಕು ಸ್ಥಾನಗಳಲ್ಲಿ ಬಂದವರೆಲ್ಲರನ್ನೂ ಅನರ್ಹಗೊಳಿಸಬೇಕಾಯಿತಂತೆ. ಕೆಲವರು ನಡುದಾರಿಯಲ್ಲಿ ರೈಲು ಹತ್ತಿದರೆಂಬ ಆರೋಪವಿತ್ತು. ಇದನ್ನು ಕೇಳಿ ನನಗೆ ಆ ಸ್ಪರ್ಧೆಯ ಮೇಲೆ ಮೊದಲ ಬಾರಿಗೆ ಆತ್ಮೀಯಭಾವ ಹುಟ್ಟಿತು. ಮೂಡಬಿದಿರೆಯಿಂದ ಬರುವಾಗ ಸೈಕಲನ್ನು ಬಸ್ಸಿನ ಮೇಲೆ ಹಾಕಿ, ಒಂದು ಸ್ಟಾಪು ಮೊದಲೇ ಇಳಿದು, ಬೆವರೊರೆಸುತ್ತ ಮನೆ ಸೇರಿದವರು ನಮ್ಮಲ್ಲಿಯೂ ಇದ್ದರು. ಅವರಲ್ಲಿ ಒಬ್ಬನನ್ನು ನಾನು ಬಹಳ ಹತ್ತಿರದಿಂದ ಬಲ್ಲೆ.

ಆದರೆ ನನ್ನ ಮನಸ್ಸು ನೆಟ್ಟದ್ದು ಆ ಕ್ರಿಸ್ಟೋಫನ ಇನ್ನೊಂದು ಕಥೆಯಲ್ಲಿ. 1913ರಲ್ಲಿ ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಅವನ ಸೈಕಲಿನ ಮುಂದಿನ ಕವಲು ಮುರಿಯಿತು. ಪರಸಹಾಯವನ್ನು ಪಡೆಯಬಾರದೆಂಬ ನಿಯಮವಿದ್ದುದರಿಂದ, ಸೈಕಲನ್ನು ಹೆಗಲಿಗೇರಿಸಿ ಹತ್ತು ಕಿಲೋಮೀಟರಿಗೂ ಮಿಕ್ಕಿ ನಡೆದು, ಸೇಂಟ್ ಮೇರಿ ದ ಕಂಪಾನ್ ಎಂಬ ಹಳ್ಳಿಯ ಕುಲುಮೆಯನ್ನು ಸೇರಿ, ಕಬ್ಬಿಣ ಕಾಯಿಸಿ, ತಾನೇ ಬಡಿದು, ತಾನೇ ಬೆಸೆದು ಮುಗಿಸಿದರೆ, ಅಧಿಕಾರಿಗಳು ಪಕ್ಕದಲ್ಲಿಯೇ ನಿಂತು ನೋಡಿ ಅವನಿಗೆ ದಂಡ ವಿಧಿಸಿದರು! ಅಪರಾಧವೇನೆಂದರೆ, ಎರಡು ಕೈಗಳೂ ಸುತ್ತಿಗೆ ಇಕ್ಕಳಗಳಲ್ಲಿ ತೊಡಗಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ತಿದಿ ಒತ್ತಿದ್ದು ಪರಸಹಾಯ! ನಮ್ಮೂರಿನ ಸೈಕಲ್ ಅಂಗಡಿಯಲ್ಲಿ ಒಂದು ಪಂಕ್ಚರು ತೆಗೆಯಬೇಕಾದರೆ ಟ್ಯೂಬು ಹಿಡಿಯುವವನೊಬ್ಬ, ನೀರಿನ ಬೋಗುಣಿ ತರುವವನೊಬ್ಬ, ಗುಳ್ಳೆ ಎಲ್ಲಿ ಏಳುತ್ತದೆಂದು ಬೆರಳಿಟ್ಟು ತೋರಿಸುವವರು ನಾಲ್ವರು, ರಾಜಕೀಯ ಮಾತನಾಡುವವರು ಆರು ಮಂದಿ ಬೇಕು. ಆ ಅಧಿಕಾರಿಗಳು ಅಲ್ಲಿಗೆ ಬಂದಿದ್ದರೆ ಇಡೀ ಗ್ರಾಮವನ್ನೇ ಅನರ್ಹಗೊಳಿಸುತ್ತಿದ್ದರೇನೋ.

ಇರಲಿ. ಜುಲೈ 5, ಶನಿವಾರ. ಲೀಡ್ಸಿನಿಂದ ಹ್ಯಾರೊಗೇಟಿಗೆ 190 ಕಿಲೋಮೀಟರುಗಳ ಮೊದಲ ದಿನದ ಓಟ. ರಸ್ತೆಗಳನ್ನು ಬೇಗನೆ ಮುಚ್ಚುವರೆಂದು ಸೂರ್ಯೋದಯಕ್ಕೇ ಎದ್ದು, ಇಡ್ಲಿಯನ್ನೂ ಬುತ್ತಿ ಕಟ್ಟಿಕೊಂಡು, ಇಲ್ಕ್ಲಿ ಎಂಬ ಊರಿನ ರಸ್ತೆಬದಿಯಲ್ಲಿ ನಾವು ಬಿಡಾರ ಹೂಡಿದೆವು. ನಮಗಿಂತ ಮೊದಲೇ ಅಲ್ಲಿ ಸಾವಿರಾರು ಮಂದಿ ಕುಳಿತಿದ್ದರು. (ಆ ಎರಡು ದಿನಗಳಲ್ಲಿ ಯಾರ್ಕ್‌ಷೈರಿನ ರಸ್ತೆಗಳ ಇಕ್ಕೆಲದಲ್ಲಿ ಸೇರಿದವರ ಸಂಖ್ಯೆ ಸುಮಾರು 25 ಲಕ್ಷವೆಂದು ಆಮೇಲೆ ಅಂದಾಜು ಮಾಡಿದರು.) ನನ್ನ ಪಕ್ಕದಲ್ಲಿ ನನ್ನಷ್ಟೇ ವಯಸ್ಸಿನ ಆಂಗ್ಲ ಮಹನೀಯರೊಬ್ಬರು ಫ್ಲಾಸ್ಕಿನ ಚಹವನ್ನು ಗುಟುಕು ಗುಟುಕಾಗಿ ಸೇವಿಸುತ್ತ, ಬಯಲಾಟಕ್ಕೆ ಚಾಪೆ ಹಾಸಿ ಕುಳಿತವರ ಗಾಂಭೀರ್ಯದಿಂದ ಆಸೀನರಾಗಿದ್ದರು.

ಬಯಲಾಟವೆಂಬ ಮಾತು ಸುಮ್ಮನೆ ಬಂದುದಲ್ಲ. ಓಟಗಾರರು ಬರುವುದಕ್ಕೆ ಸುಮಾರು ಎರಡು ಗಂಟೆ ಮೊದಲೇ ಬಂದ ಜಾಹೀರಾತಿನ ಮೆರವಣಿಗೆಯನ್ನು ಕಂಡಾಗ ನನಗೆ ಸರ್ವವೂ ಸ್ಪಷ್ಟವಾಯಿತು: ಇದು ಪೂರ್ವರಂಗ! ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷಗಳು, ಎಲ್ಲವೂ ಬಣ್ಣಬಣ್ಣದ ವಾಹನಗಳ ಮೇಲೇರಿ, ಕುಣಿಯುತ್ತ, ಕಿವಿಗಡಚಿಕ್ಕುವ ಸಂಗೀತದೊಡನೆ ಸಾಗಿದವು. 1930ರಿಂದ ಈ ಪದ್ಧತಿ ಇದೆಯಂತೆ. ನಮ್ಮ ಕೋಡಂಗಿಗಳು ಬರಿಗೈಯಲ್ಲಿ ಕುಣಿದು ಹೋಗುತ್ತಾರೆ. ಇವರು ಟೋಪಿ, ಮಿಠಾಯಿ, ಬೀಗದಕೈ ಗೊಂಚಲುಗಳನ್ನು ಜನಸ್ತೋಮದ ಮೇಲೆ ಎರಚುತ್ತ ಹೋದರು. ಸಭ್ಯತೆಗೆ ಲೋಕವಿಖ್ಯಾತರಾದ ಆಂಗ್ಲರು ಒಂದು ಹಳದಿ ಟೋಪಿಗಾಗಿ ಬೇಲಿಯ ಮುಳ್ಳಿನೊಳಗೆ ಕೈತೂರಿಸಿದ ದೃಶ್ಯವು ದೇವಸ್ಥಾನದ ಪನಿವಾರದ ಸಾಲನ್ನು ನೆನಪಿಸಿತು. ಹೀಗಿರಲು ನನ್ನ ತೊಡೆಯ ಮೇಲೆ ದೈವದತ್ತವಾಗಿ ಒಂದು ಪೊಟ್ಟಣ ಬಿತ್ತು. ಅತ್ಯಂತ ಭಕ್ತಿಯಿಂದ ಬಿಚ್ಚಹೊರಟವನನ್ನು ಮಗಳು ‘ಅಪ್ಪಾ, ಬೇಡ! ಅದು ಹಂದಿಮಾಂಸ’ ಎಂದು ತಡೆದಳು. ಈರುಳ್ಳಿಯನ್ನೂ ಅನುಮಾನದಿಂದ ನೋಡುವ ಕುಟುಂಬದಿಂದ ಬಂದ ನಾನು ಅದನ್ನು ಪಕ್ಕದ ಮಹನೀಯರಿಗೆ ಸಮರ್ಪಿಸಿದೆ. ನಮ್ಮ ಸ್ನೇಹಕ್ಕೆ ನಾಂದಿಯಾದದ್ದು ಆ ಹಂದಿಯೇ.

ಅನಂತರ ದೀರ್ಘವಾದ ಶೂನ್ಯ. ಕೇವಲ ನಿರೀಕ್ಷೆ. ತೆಂಕುತಿಟ್ಟಿನ ಯಕ್ಷಗಾನ ರಂಗಸ್ಥಳಗಳಲ್ಲೆಲ್ಲ ನಮ್ಮೂರಿನ ಹೆಸರನ್ನು ಮೊಳಗಿಸಿದ ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಪ್ರವೇಶಕ್ಕಾಗಿ ನಾವು ಹೀಗೆಯೇ ಕಾಯುತ್ತಿದ್ದೆವು. ನಿದ್ದೆಹೋದ ಮಕ್ಕಳನ್ನು ‘ಅಣ್ಣಪ್ಪ ಬಂದರು, ಏಳು’ ಎಂದು ತಟ್ಟಿ ಎಬ್ಬಿಸುತ್ತಿದ್ದೆವು. ಆಂಗ್ಲ ಮಹನೀಯರು ವೇಳೆ ಕಳೆಯುವುದಕ್ಕಾಗಿ, ನಿಮ್ಮ ದೇಶದಲ್ಲಿಯೂ ಓಟಗಳಿವೆಯೇ ಎಂದು ವಿಚಾರಿಸಿದರು. ನಾನು ಕಂಬಳವನ್ನು ಸಾಂಗೋಪಾಂಗವಾಗಿ ವರ್ಣಿಸಿದೆ: ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳು, ಕನೆ ಹಲಗೆಯಲ್ಲಿ ವೇಗಕ್ಕಿಂತ ಕೆಸರುನೀರು ಎಷ್ಟೆತ್ತರಕ್ಕೆ ಚಿಮ್ಮಿತೆಂಬುದೇ ಮುಖ್ಯವೆಂಬುದು, ಮೂಡಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯರ ಹೆಸರಿನಲ್ಲಿ ನಡೆಯುವ ಜೋಡುಕರೆ. ‘ಎಷ್ಟು ಹೊತ್ತು ನಡೆಯುತ್ತದೆ?’ ಎಂದರು. ‘ಒಂದು ಹಗಲು, ಒಂದು ರಾತ್ರಿ.’ ‘ಒಂದು ಜೋಡಿ ಓಡಿ ಮುಗಿಸುವುದಕ್ಕೆ?’ ‘ಹದಿಮೂರು ಸೆಕೆಂಡು.’ ಈಗ ಅವರು ನಗುವರೆಂದು ನಾನು ಮನಸ್ಸಿನಲ್ಲಿಯೇ ಪ್ರತ್ಯುತ್ತರವನ್ನು ಮಸೆದಿಟ್ಟುಕೊಂಡೆ. ಅವರು ಬಹಳ ಹೊತ್ತು ಯೋಚಿಸಿ, ನಿಟ್ಟುಸಿರಿಟ್ಟು ಹೇಳಿದರು: ‘ಹಾಗಾದರೆ ನೀವೇ ಪುಣ್ಯವಂತರು. ನಿಮ್ಮ ಕೋಣಗಳು ಮತ್ತೆ ಮತ್ತೆ ಬರುತ್ತವೆ. ನಮ್ಮವರು ಒಮ್ಮೆ ಹೋದರೆ ಹೋದರು.’

ಅಷ್ಟರಲ್ಲಿ ಆಕಾಶದಲ್ಲಿ ಹೆಲಿಕಾಪ್ಟರು ಗಿರಕಿ ಹೊಡೆಯಿತು. ಮೋಟಾರುಸೈಕಲಿನ ಪೋಲೀಸರು ಬದಿಯಲ್ಲಿ ನಿಂತ ಮಕ್ಕಳ ಕೈಗಳಿಗೆ ಕೈ ತಟ್ಟುತ್ತ ಬಂದರು; ಪೋಲೀಸರ ಕೈ ಇಂಥ ಕೆಲಸಕ್ಕೂ ಒದಗುವುದೆಂಬುದು ನನಗೆ ಹೊಸ ಜ್ಞಾನ. ಆಮೇಲೆ ಮೂವರು ಸವಾರರು, ಎಲ್ಲರನ್ನೂ ಹಿಂದಿಟ್ಟು ಬಂದವರು, ಸುಯ್ಯೆಂದು ಹಾದುಹೋದರು. ಅವರಲ್ಲಿ ಒಬ್ಬಾತ ಜರ್ಮನಿಯ ಯೆನ್ಸ್ ಫೋಗ್ಟ್, ಇಡೀ ಗುಂಪಿನಲ್ಲಿಯೇ ವಯೋವೃದ್ಧ, 42 ವರ್ಷ! ಆ ವಯಸ್ಸಿನಲ್ಲಿ ನಾನು ಹಾಜರಿ ಪುಸ್ತಕವನ್ನು ತರುವುದಕ್ಕೂ ಹುಡುಗರನ್ನು ಕಳುಹಿಸುತ್ತಿದ್ದೆ. ನೋಯುವ ತನ್ನ ಕಾಲುಗಳಿಗೆ ‘ಬಾಯಿ ಮುಚ್ಚಿ’ ಎಂದು ಗದರಿಸುವುದಕ್ಕಾಗಿ ಈತ ಪ್ರಸಿದ್ಧನಂತೆ. ನನ್ನ ಕಾಲುಗಳು ನನ್ನನ್ನೇ ಗದರಿಸುತ್ತವೆ. ಆತ ಮುಂದೆ ಏರುಗಳನ್ನು ಒಂಟಿಯಾಗಿ ತುಳಿದು, ಪರ್ವತರಾಜನಿಗೆ ಸಲ್ಲುವ ಕೆಂಪು ಚುಕ್ಕೆಗಳ ಅಂಗಿಯನ್ನು ಆ ಸಂಜೆ ತೊಟ್ಟನೆಂದು ತಿಳಿಯಿತು. ಏರಿನಲ್ಲಿ ತುಳಿಯುವವನಿಗೆ ಮಿಜಾರಿನಲ್ಲಿ ಮರುಕ, ಇಲ್ಲಿ ಬಹುಮಾನ.

ಮೂವರೂ ಮರೆಯಾದ ಸ್ವಲ್ಪ ಹೊತ್ತಿಗೆ ಉಳಿದವರು ಬಂದರು. ಬಂದರೆಂಬ ಕ್ರಿಯಾಪದವನ್ನು ನಾನು ಧೈರ್ಯ ಮಾಡಿ ಬಳಸುತ್ತಿದ್ದೇನೆ. ಏಕೆಂದರೆ ‘ಬರುತ್ತಿದ್ದಾರೆ’ ಎಂಬುದಕ್ಕೂ ‘ಹೋದರು’ ಎಂಬುದಕ್ಕೂ ನಡುವೆ ಅಂಥದೊಂದು ಕಾಲವಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಒಂದು ಬಣ್ಣದ ಹೊನಲು, ಗಾಳಿಯ ಒಂದು ಹೊಡೆತ, ಸಾವಿರ ದುಂಬಿಗಳ ಝೇಂಕಾರದಂಥ ಒಂದು ಸದ್ದು. ಕಂಬಳದ ಅಭ್ಯಾಸಬಲದಿಂದ ನಾನು ಎಣಿಸುತ್ತಿದ್ದೆ: ಇಪ್ಪತ್ತು ಎನ್ನುವಷ್ಟರಲ್ಲಿ ನೂರತೊಂಬತ್ತು ಮಂದಿಯೂ ಮಾಯ. ನನ್ನ ಹೆಂಡತಿ ಆ ಕ್ಷಣದಲ್ಲಿಯೇ ಇಡ್ಲಿಗೆ ಚಟ್ನಿಪುಡಿ ಹುಡುಕುವುದಕ್ಕೆಂದು ಚೀಲಕ್ಕೆ ತಲೆ ಹಾಕಿದ್ದಳು. ತಲೆ ಎತ್ತಿ, ‘ಇನ್ನೂ ಬರಲಿಲ್ಲವಾ?’ ಎಂದಳು.

ಗೆದ್ದವರಾರೆಂಬುದನ್ನು ಮನೆಗೆ ಬಂದು ಟಿ.ವಿ.ಯಲ್ಲಿ ನೋಡಿದೆವು. 4 ಗಂಟೆ 44 ನಿಮಿಷ ತುಳಿದು ಮಾರ್ಸೆಲ್ ಕಿಟೆಲ್ ಎಂಬ ಜರ್ಮನ್ ಯುವಕ ಗೆದ್ದಿದ್ದ. ಇಂಗ್ಲೆಂಡಿನವರೆಲ್ಲ ನಂಬಿಕೊಂಡಿದ್ದ ಮಾರ್ಕ್ ಕ್ಯಾವೆಂಡಿಷ್, ತನ್ನ ತಾಯಿಯ ತವರಾದ ಹ್ಯಾರೊಗೇಟಿನಲ್ಲಿಯೇ, ಮಂಜೊಟ್ಟಿ ಕಣ್ಣೆದುರಿಗಿರುವಾಗ ಬಿದ್ದು ಭುಜದ ಕೀಲು ತಪ್ಪಿಸಿಕೊಂಡಿದ್ದ. ಮೂರು ವಾರ, ಮೂರೂವರೆ ಸಾವಿರಕ್ಕೂ ಮಿಕ್ಕಿದ ಕಿಲೋಮೀಟರು, ಮುರಿಯುವ ಎಲುಬುಗಳಿಗೆ ಲೆಕ್ಕವಿಲ್ಲ. ಈ ಮನುಷ್ಯರ ಪರವಾಗಿ ಯಾವ ಪ್ರಾಣಿದಯಾ ಸಂಘವೂ ನ್ಯಾಯಾಲಯಕ್ಕೆ ಹೋಗುವುದಿಲ್ಲವೇಕೆಂದು ಕೇಳಿದೆ. ‘ಅವರು ತಾವಾಗಿ ಒಪ್ಪಿ ಓಡುವವರಲ್ವಾ ಮಾವ’ ಎಂದ ಅಳಿಯ. ಕೋಣಗಳನ್ನು ಯಾರೂ ಕೇಳಿ ನೋಡಿಲ್ಲವಷ್ಟೆ ಎಂದುಕೊಂಡು ಸುಮ್ಮನಾದೆ.

ಊರಿಗೆ ಮರಳಿದಾಗ ಚಾದಂಗಡಿಯಲ್ಲಿ ವಿಚಾರಣೆ ನಡೆಯಿತು.

‘ಎಂತ ಮಾಷ್ಟ್ರೇ, ಲಂಡನಿಗೆ ಹೋಗಿ ಸೈಕಲ್ ನೋಡಿದ್ದಂತೆ?’

‘ಲಂಡನ್ ಅಲ್ಲ ಮಾರಾಯ, ಲೀಡ್ಸ್.’

‘ಎರಡೂ ಒಂದೇ. ಎಷ್ಟು ಹೊತ್ತು ನೋಡಿದಿರಿ?’

‘ಇಪ್ಪತ್ತು ಸೆಕೆಂಡು.’

‘ಟಿಕೇಟಿಗೆ ಎಷ್ಟಾಯಿತು?’

ವಿಮಾನದ ಟಿಕೇಟಿನ ದರವನ್ನು ಸೆಕೆಂಡಿಗೆ ಇಂತಿಷ್ಟೆಂದು ಭಾಗಿಸಿ ಅವರೇ ಕಾಗದದ ಮೇಲೆ ಲೆಕ್ಕ ಮಾಡಿದರು. ಆ ಲೆಕ್ಕ ಬಹುಕಾಲ ಊರಿನಲ್ಲಿ ಚಲಾವಣೆಯಲ್ಲಿತ್ತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ನಮ್ಮ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿ, ಅದನ್ನು ನೂರು ಮೀಟರಿಗೆ ಇಳಿಸಿದರೆ 9.55 ಆಗುತ್ತದೆಂದು ಇಡೀ ಜಗತ್ತೇ ಉಸೇನ್ ಬೋಲ್ಟನೊಡನೆ ಹೋಲಿಸತೊಡಗಿದಾಗ, ಅದೇ ಅಂಗಡಿಯವನು ನನ್ನನ್ನು ಕರೆದು, ‘ನೋಡಿ ಮಾಷ್ಟ್ರೇ, ನೀವು ಸುಮ್ಮನೆ ಅಷ್ಟು ದೂರ ಹೋದಿರಿ’ ಎಂದು ಸಮಾಧಾನ ಹೇಳಿದ.

ಅಂದಿನ ಓಟದ ಸಾಕ್ಷ್ಯವಾಗಿ ನನ್ನಲ್ಲಿ ಉಳಿದಿರುವುದು ಒಂದೇ: ಸವಾರನೊಬ್ಬ ನೀರು ಕುಡಿದು ಎಸೆದ, ಮೊಮ್ಮಗ ಹತ್ತು ಮಂದಿಯ ಕಾಲುಗಳ ನಡುವೆ ನುಸುಳಿ ಹೆಕ್ಕಿ ತಂದು ‘ಅಜ್ಜನಿಗೆ’ ಎಂದು ಕೊಟ್ಟ ಪ್ಲಾಸ್ಟಿಕ್ ಬಾಟ್ಲಿ. ಅದನ್ನು ಗಾಜಿನ ಕಪಾಟಿನಲ್ಲಿ, ಸ್ಟೀಲು ಲೋಟದ ಪಕ್ಕದಲ್ಲಿ ಇಡಬೇಕೆಂಬುದು ನನ್ನ ಸಂಕಲ್ಪವಾಗಿತ್ತು. ಆದರೆ ಬಾಯಿ ಬಿಗಿಯಾಗಿದ್ದು ಇರುವೆ ಹೊಗದ ಬಾಟ್ಲಿಯನ್ನು ಸುಮ್ಮನೆ ಇಡುವುದು ಗೃಹಿಣೀಧರ್ಮಕ್ಕೆ ವಿರುದ್ಧವಾದುದರಿಂದ, ನನ್ನ ಹೆಂಡತಿ ಅದರಲ್ಲಿ ಬೂದಿ ಬೆರೆಸಿದ ಅಲಸಂಡೆಯ ಬೀಜಗಳನ್ನು ತುಂಬಿಸಿ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದಾಳೆ. ಚಾದಂಗಡಿಯವನು ಊರಿಗೆ ಹೊಸಬರು ಬಂದಾಗಲೆಲ್ಲ ‘ಮಾಷ್ಟ್ರು ಲಂಡನಿನಿಂದ ತಂದ ಬಾಟ್ಲಿ’ಯನ್ನು ತೋರಿಸಲು ಅವರನ್ನು ಕರೆದುಕೊಂಡು ಬರುತ್ತಾನೆ. ಅವಳು ಗೊಣಗುತ್ತ ಬೀಜಗಳನ್ನು ಮೊರಕ್ಕೆ ಸುರಿದು, ಬಾಟ್ಲಿಯನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟು, ಅವರು ಅತ್ತ ತಿರುಗುವುದರೊಳಗೆ ಪುನಃ ತುಂಬಿಸಿಡುತ್ತಾಳೆ.