ಗೆದ್ದವರಿಗೆ ಸುಳ್ಳುಪತ್ತೆ ಪರೀಕ್ಷೆ

ಟೆಕ್ಸಾಸಿನ ಕೆರೆಗಳಲ್ಲಿ ಬಾಸ್ ಮೀನುಗಳಿಗಿಂತ ಬಾಸ್ ಟೂರ್ನಮೆಂಟುಗಳೇ ಹೆಚ್ಚು. ನನ್ನ ಕೈಗೆ ಸಿಕ್ಕಿದ ಲೆಕ್ಕದಲ್ಲಂತೂ ಇದು ಸತ್ಯ.

ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುವ ಪದ್ಧತಿಯನ್ನು 1972ರಲ್ಲಿ ರೇ ಸ್ಕಾಟ್ ಎಂಬ ಪುಣ್ಯಾತ್ಮ ತನ್ನ ಪಂದ್ಯಗಳಲ್ಲಿ ತಂದ. ನನ್ನಂಥ ಪುಳಿಚಾರಿಗೆ ಇದಕ್ಕಿಂತ ಒಗ್ಗುವ ಮೀನುಗಾರಿಕೆ ಉಂಟೆ? ಕಷ್ಟವೆಲ್ಲ ಯಾವ ಪಂದ್ಯಕ್ಕೆ ದುಡ್ಡು ಕಟ್ಟಬೇಕೆನ್ನುವುದರಲ್ಲಿ. ಬಾಸ್‌ಮಾಸ್ಟರ್ ಕ್ಲಾಸಿಕ್‌ನ 3 ಲಕ್ಷ ಡಾಲರು ನಮ್ಮ ಜಾತಕದಲ್ಲಿಲ್ಲ. ಐದು ಮೀನುಗಳ ಒಟ್ಟು ತೂಕದ ಪಂದ್ಯ ಐದು ಸಿಗುವವರಿಗೆ. ಉಳಿದದ್ದು ಒಂದೇ ದೊಡ್ಡ ಮೀನಿಗೆ ಗಂಟೆಗಂಟೆಗೂ ಬಹುಮಾನ ಕೊಡುವ ಬಿಗ್ ಬಾಸ್ ಪಂದ್ಯ. (ಸುದೀಪ್ ಇರುವುದಿಲ್ಲ, ಎಲಿಮಿನೇಷನ್ ಇರುತ್ತದೆ.) ಅದರಲ್ಲೂ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸ್ ಇಟ್ಟುಕೊಳ್ಳುವಂತಿಲ್ಲ. ನನ್ನ ಗಾಳಕ್ಕೆ ಬೀಳುವುದೆಲ್ಲ ಅದೇ ಮಧ್ಯಮ ವರ್ಗ.

ಆದರೂ ನಾನು ಮರುಳಾದದ್ದು ನಿಯಮಾವಳಿಯ ಒಂದು ಸಾಲಿಗೆ: ಗೆದ್ದವರನ್ನು ಸುಳ್ಳುಪತ್ತೆ ಪರೀಕ್ಷೆಗೆ ಕೂರಿಸಬಹುದು. ಮೀನಿನ ಹೊಟ್ಟೆಗೆ ಸೀಸದ ಗುಂಡು ತುರುಕುವ ಮಹಾನುಭಾವರು ಇಲ್ಲಿದ್ದಾರೆ. ಬಹುಮಾನ 10,000 ಡಾಲರ್ ಮುಟ್ಟಿದರೆ ಟೆಕ್ಸಾಸ್ ಕಾನೂನಿನಲ್ಲಿ ಅದಕ್ಕೆ 10 ವರ್ಷದವರೆಗೂ ಜೈಲು. ಗೆಲ್ಲುವುದು ದೈವಚಿತ್ತ. ಗೆದ್ದ ಮೇಲೆ ಪರೀಕ್ಷೆಯಲ್ಲಿ ಫೇಲಾದರೆ ಮಾನ ಉಳಿದೀತೆ? ತಯಾರಿ ಶುರುಮಾಡಿದೆ.

ಊಟದ ಮೇಜೇ ಪರೀಕ್ಷಾ ಕೊಠಡಿ. ಬೆರಳಿಗೆ ಆಕ್ಸಿಮೀಟರ್. ಎದುರಿಗೆ ಹೆಂಡತಿ, ಕನ್ನಡಕ ಮೂಗಿನ ತುದಿಯಲ್ಲಿ.

"ಹೆಸರು?"

ಹೇಳಿದೆ. ನಾಡಿ 78.

"ಈ ಮೀನು ನೀವೇ ಹಿಡಿದದ್ದಾ?"

"ಹೌದು." ಹುಟ್ಟೇ ಇರದ ಮೀನಿನ ಬಗ್ಗೆ ಹೇಳಿದ ಹೌದು, ಆದರೂ ನಾಡಿ ಕದಲಲಿಲ್ಲ. ನನ್ನ ಪ್ರಾಮಾಣಿಕತೆಗೆ ನಾನೇ ಬೆರಗಾದೆ.

"ಹೊಟ್ಟೆಗೆ ಏನಾದ್ರೂ ತುರುಕಿದ್ರಾ?"

"ಮೀನಿನ ಹೊಟ್ಟೆಗಾ?"

"ಮತ್ತೆ? ನಿಮ್ಮ ಹೊಟ್ಟೆದು ನಂಗೊತ್ತು, ಒಂಬತ್ತು ಚಪಾತಿ."

80. ಅವಮಾನಕ್ಕೆ ಅಷ್ಟು ಏರಿಕೆ ಸಹಜ.

"ಯಾರ ಹತ್ರನಾದ್ರೂ ಕೊಂಡ್ಕೊಂಡ್ರಾ?"

"ಛೆ!"

79. ಪಾಸಾದೆ ಎಂದು ಬೆರಳು ಬಿಡಿಸಿಕೊಳ್ಳಲು ಹೊರಟೆ. ಅವಳು ಅದೇ ಸಮಾಧಾನದ ದನಿಯಲ್ಲಿ, "ಎಂಟ್ರಿ ಫೀಸು ಎಷ್ಟು ಕಟ್ಟಿದ್ರಿ?" ಅಂದಳು.

"ಜಾಸ್ತಿ ಏನಿಲ್ಲ."

112.

"ಆ ಹೊಸ ರೀಲು ನಿಜವಾಗ್ಲೂ ಫ್ರೆಂಡ್ ಕೊಟ್ಟಿದ್ದಾ?"

ಯಂತ್ರ ಬೀಪ್ ಬೀಪ್ ಎಂದು ಬಡಿದುಕೊಳ್ಳತೊಡಗಿತು. ಪೊಲೀಸರಿಗೂ ದಕ್ಕದ ತಪ್ಪೊಪ್ಪಿಗೆ ನನ್ನ ನಾಡಿಯಿಂದಲೇ ಹೊರಬಂತು.

ಇದೇನೋ ಮನೆಯೊಳಗಿನ ಸುಳ್ಳು. ದಂಡೆಯ ಮೇಲೆ ಇನ್ನೂ ದೊಡ್ಡದೊಂದಿದೆ. ಜುಲೈ-ಆಗಸ್ಟ್‌ನ ಬಿಸಿಲಲ್ಲಿ ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ದೋಣಿಯ ತೊಟ್ಟಿಯಲ್ಲಿ ಗಂಟೆಗಟ್ಟಲೆ ಕೂಡಿಟ್ಟು, ವೇದಿಕೆಯಲ್ಲಿ ಎತ್ತಿ ಹಿಡಿದು, ಫೋಟೊ ತೆಗೆಸಿಕೊಂಡು ಬಿಟ್ಟ ಮೀನು ಚಪ್ಪಾಳೆ ಮುಗಿಯುವವರೆಗೆ ಈಜುತ್ತದೆ. ಎಷ್ಟೋ ಮೀನುಗಳು ಆಮೇಲೆ ಸಾಯುತ್ತವೆ. "ಜೀವಂತ ಬಿಟ್ಟೆವು" ಎನ್ನುವವರ ಬೆರಳಿಗೆ ಯಾರೂ ಯಂತ್ರ ಸಿಕ್ಕಿಸುವುದಿಲ್ಲ.

ಆದ್ದರಿಂದ ನನ್ನ ಸಲಹೆ: ಬೇಸಿಗೆಯಲ್ಲಿ ತೂಕದ ಪಂದ್ಯಕ್ಕೆ ಹೋಗಬೇಡಿ, ಕಯಾಕ್ ಪಂದ್ಯಕ್ಕೆ ಹೋಗಿ. ಅಲ್ಲಿ ಮೀನನ್ನು ಅಳತೆಹಲಗೆಯ ಮೇಲೆ ಮಲಗಿಸಿ, ಫೋಟೊ ತೆಗೆದು, ಅಲ್ಲೇ ಬಿಡುತ್ತಾರೆ. ಲೆಕ್ಕ ಇಂಚಿನದು; ಎಷ್ಟು ಸೀಸ ನುಂಗಿಸಿದರೂ ಮೀನು ಉದ್ದವಾಗುವುದಿಲ್ಲ. ಫೀಸೂ ಕಡಿಮೆ, ಹೆಂಡತಿಗೆ ನಿಜವನ್ನೇ ಹೇಳಬಹುದು.