ಬ್ಯಾಕಪ್ ಆಗೇತ್ರಿ!

ಬೆಳಗಾವಿಯ ನಮ್ಮ ಮನೆಯಲ್ಲೀಗ ಫೋನು 'ಬ್ಯಾಕಪ್ ಪೂರ್ಣಗೊಂಡಿದೆ' ಎಂದರೆ ಯಾರೂ ನಂಬುವುದಿಲ್ಲ. ಖಾನಾಪುರದ ಹತ್ತಿರ ಅಸೋಗಾದಲ್ಲಿ ಮಲಪ್ರಭೆಯ ದಡದ ಮೇಲೆ ಬಳಗವನ್ನೆಲ್ಲ ನಿಲ್ಲಿಸಿ ತೆಗೆದ ಫೋಟೋಗಳು ಹೊಸ ಫೋನಿಗೆ ಇಳಿಯಲೇ ಇಲ್ಲ. ಇಳಿದದ್ದೇನು? ಹಳೇ ಕರೆಂಟ್ ಬಿಲ್ಲು, ಯಾರೋ ಕಳಿಸಿದ ಶುಭೋದಯದ ಗುಲಾಬಿ, ಲೆನ್ಸಿಗೆ ಅಡ್ಡ ಬಂದ ನನ್ನ ಹೆಬ್ಬೆರಳು. ಹೆಬ್ಬೆರಳಂತೂ ಎರಡೆರಡು ಪ್ರತಿ!

ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಹೊಸ ಫೋಟೋಗಳನ್ನೆಲ್ಲ 15 ಜಿಬಿಯ ಉಚಿತ ಲೆಕ್ಕಕ್ಕೆ ಸೇರಿಸಿದಾಗ ಊರಿಗೆ ಊರೇ ಅಳಿಸಲು ಕೂತಿತ್ತು. ನನ್ನ ಆ್ಯಪ್ ಬೇರೆ ಕಂಪನಿಯದು. ಅಳಿಸುವ ತ್ರಾಸನ್ನೂ ತಾನೇ ವಹಿಸಿಕೊಂಡಿದೆ. ಅಪ್‌ಡೇಟ್ ಆದಾಗಲೆಲ್ಲ ಹೊಸ ಬಣ್ಣ ಬಳಿದುಕೊಂಡು, ಇದ್ದೊಂದು ಬಟನ್ನನ್ನೂ ಎಲ್ಲೋ ಬಚ್ಚಿಡುತ್ತದೆ. ದೂರು ಬರೆದರೆ, 'ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್?' ಎಂಬ ಉತ್ತರ.

ಖಾನಾಪುರದ ಕಾಕು ಬಿಟ್ಟಾರೆಯೇ?

"ಫೋಟೋ ಎಲ್ಲಿಟ್ಟಿಯೋ ತಮ್ಮಾ?"

"ಸರ್ವರ್‌ನ್ಯಾಗ ಅದಾವ್ರಿ ಕಾಕು."

"ಅದೆಲ್ಲೈತಿ?"

"ಯಾರಿಗ್ಗೊತ್ರಿ!"

"ಗುರ್ತಿಲ್ದವರ ಮನ್ಯಾಗ ನಮ್ಮನ್ಯಾಕ ಇಟ್ಟಿಯೋ? ಮುಂದಿನ ಸಲ ಪ್ರಿಂಟ್ ಹಾಕಿಸ್ಕೊಂಡ ಬಾ. ಬರೂವಾಗ ಅರ್ಧ ಕಿಲೋ ಕುಂದಾ ತಾ. ಅದಕ್ಕೇನ ಬ್ಯಾಕಪ್ ಬ್ಯಾಡ."