ಬಸ್ಸಿನ ಸ್ಪೀಡು ಎಷ್ಟು ಎಂಬಿಪಿಎಸ್?

ದೊಡ್ಡ ಫೈಲು ಕಳಿಸಬೇಕು ಅಂತ ಒಮ್ಮೆ ಬಾಯಿ ಬಿಟ್ಟು ನೋಡಿ, ಸುತ್ತ ಕೂತವರೆಲ್ಲ ಇಂಜಿನಿಯರುಗಳೇ. ಹುಬ್ಬಳ್ಳಿಯಲ್ಲಿ ನಮ್ಮ ಮನೆಯ ಮದುವೆ ಮುಗಿದಿತ್ತು. ಮೂರು ಕ್ಯಾಮೆರಾ, ಮೇಲೊಂದು ಡ್ರೋನು. ವಧೂವರರ ತಲೆಯ ಮೇಲೆ ಅಕ್ಷತೆಗಿಂತ ಹೆಚ್ಚು ಹೊತ್ತು ಇದ್ದದ್ದು ಆ ಡ್ರೋನೇ. ಎಲ್ಲ ಸೇರಿ 200 ಜಿಬಿ ವಿಡಿಯೊ, ಕತ್ತರಿ ಆಡಿಸದ ಹಸಿ ಸರಕು. ಬೆಂಗಳೂರಿನ ಬೀಗರಿಗೆ ಅದಷ್ಟೂ ಬೇಕಂತೆ. ಯಾಕೆ ಅಂತ ಬೀಗರನ್ನು ಕೇಳುವ ಹಾಗಿಲ್ಲವಲ್ಲ.

‘ಡ್ರೈವಿಗೆ ಹಾಕಿ ಲಿಂಕ್ ಕಳಿಸಿಬಿಡ್ರಿ ಕಾಕಾ, ಮುಗೀತು’ ಅಂದ ಅಣ್ಣನ ಮಗ, ಮೊಬೈಲಿನಿಂದ ತಲೆ ಎತ್ತದೆ. ಗೂಗಲ್ಲಿನವರು ಪುಕ್ಕಟೆ ಕೊಡುವುದು 15 ಜಿಬಿ. ಅದರಲ್ಲೇ ಜಿಮೇಲು, ಅದರಲ್ಲೇ ಫೋಟೊಗಳು. ನನ್ನ ಖಾತೆಯಲ್ಲಿ ಉಳಿದಿದ್ದ ಜಾಗ ಮಾಂಗಲ್ಯಧಾರಣೆಗೂ ಸಾಲುತ್ತಿರಲಿಲ್ಲ. ಮೇಲಿಗೆ ಅಂಟಿಸಿ ಕಳಿಸೋಣ ಅಂದರೆ ಜಿಮೇಲಿನ ಮಿತಿ 25 ಎಂಬಿ, ಡ್ರೋನು ಮೇಲೇಳುವಷ್ಟರಲ್ಲೇ ಮುಗಿದುಹೋಗುತ್ತದೆ. ವಾಟ್ಸಾಪು 2 ಜಿಬಿವರೆಗಿನ ಫೈಲು ಒಯ್ಯುತ್ತದೆ, ಆದರೆ ಡಾಕ್ಯುಮೆಂಟ್ ಅಂತ ಹೇಳಿ ಕಳಿಸಬೇಕು. ಮೈಮರೆತು ವಿಡಿಯೊ ಅಂತ ಕಳಿಸಿದಿರೋ, ಅದು ತನಗೆ ಬೇಕಾದ ಹಾಗೆ ಕುಗ್ಗಿಸಿ, ಬೀಗಿತ್ತಿಯ ಇಳಕಲ್ ಸೀರೆಯ ಅಂಚು ಸೆರಗು ಎರಡನ್ನೂ ಒಂದು ಮಾಡಿಬಿಡುತ್ತದೆ. ಆಮೇಲೆ ಬೀಗಿತ್ತಿಗೆ ಉತ್ತರ ಹೇಳುವವರು ಯಾರು?

ಅಷ್ಟರಲ್ಲಿ ಮಾಮಾ ಎಲೆ ಅಡಿಕೆ ಒಂದು ಕಡೆಗೆ ಒತ್ತಿಕೊಂಡು, ‘ಜಿಪ್ ಮಾಡಪಾ, ಅರ್ಧಕ್ಕರ್ಧ ಇಳೀತೈತಿ’ ಅಂದರು. ಮಾಮಾ ಕಂಪ್ಯೂಟರ್ ಕಲಿತ ಕಾಲದಲ್ಲಿ ಇದು ಸತ್ಯವೇ. ಅಕ್ಷರಗಳ ಫೈಲು, ಲೆಕ್ಕದ ಪಟ್ಟಿ ಈಗಲೂ ಚೆನ್ನಾಗಿ ಕುಗ್ಗುತ್ತವೆ. ಆದರೆ ವಿಡಿಯೊವನ್ನು ಕ್ಯಾಮೆರಾ ಬರೆಯುವಾಗಲೇ, ಹಿಂದಿನ ಚಿತ್ರದಲ್ಲಿದ್ದದ್ದೇ ಮುಂದಿನದರಲ್ಲೂ ಇದ್ದರೆ ಮತ್ತೆ ಬರೆಯದೆ ಬಿಟ್ಟು, ಆದಷ್ಟೂ ಒತ್ತಿ ಇಟ್ಟಿರುತ್ತದೆ. ಅದನ್ನು ಜಿಪ್ ಮಾಡುವುದೆಂದರೆ ಹಿಂಡಿದ ನಿಂಬೆಹಣ್ಣನ್ನೇ ಮತ್ತೆ ಹಿಂಡಿದ ಹಾಗೆ. ಲ್ಯಾಪ್‌ಟಾಪಿನ ಫ್ಯಾನು ಗೊರಕೆ ಹೊಡೆದದ್ದಷ್ಟೇ ಲಾಭ. ಮಾಮಾ ಮಾತ್ರ ‘ನಿನ್ನ ಜಿಪ್ಪೇ ಸರಿ ಇಲ್ಲ ಬಿಡು’ ಅಂದರು.

ಪೆನ್‌ಡ್ರೈವಿನದು ಇನ್ನೊಂದು ಮಜಾ. 32 ಜಿಬಿಯದು, ಪೂರ್ತಿ ಖಾಲಿ. ಹಾಕಹೊರಟ ಫೈಲು ಬರೀ 6 ಜಿಬಿ. ಆದರೂ ಕಂಪ್ಯೂಟರು ‘ಫೈಲು ತುಂಬ ದೊಡ್ಡದು’ ಅಂತ ಮುಖ ತಿರುಗಿಸುತ್ತದೆ. ಖಾಲಿ ಹಾಲಿನಲ್ಲಿ ಕೂತುಕೊಳ್ಳಲು ಜಾಗವಿಲ್ಲ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದನ್ನು ಯಾರೋ ಕಾರಿನ ಸ್ಟೀರಿಯೊದಲ್ಲಿ ಹಾಡು ಕೇಳಲು ಫ್ಯಾಟ್32 ಅಂತ ಫಾರ್ಮ್ಯಾಟ್ ಮಾಡಿಟ್ಟಿದ್ದರು. 1996ರ ವಿಂಡೋಸ್‌ನೊಂದಿಗೆ ಬಂದ ಆ ಪದ್ಧತಿಯಲ್ಲಿ ಒಂದು ಫೈಲಿನ ಅಳತೆ ಬರೆದಿಡಲು ಕೊಟ್ಟಿರುವುದು 32 ಬಿಟ್ ಜಾಗ. ಅದರಲ್ಲಿ 4 ಜಿಬಿಗಿಂತ ದೊಡ್ಡ ಸಂಖ್ಯೆ ಬರೆಯಲಿಕ್ಕೇ ಬರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ತಕರಾರು ಮುಗಿಯುತ್ತದೆ. ಮಾಡುವ ಮುಂಚೆ ಒಳಗೆ ಯಾರ ಭಜನೆ ಪದಗಳೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಹೋಗಲಿ, ಮನೆಗೆ ಫೈಬರ್ ಇದೆಯಲ್ಲ, 100 ಎಂಬಿಪಿಎಸ್, ಅದೇನು ಮಾಡುತ್ತದೆ? ಜಾಹೀರಾತಿನವರು ಅಳೆಯುವುದು ಮೆಗಾಬಿಟ್‌ನಲ್ಲಿ, ನಮ್ಮ ಫೈಲು ಇರುವುದು ಮೆಗಾಬೈಟ್‌ನಲ್ಲಿ, ನಡುವೆ ಎಂಟರ ಮಗ್ಗಿ ಕೂತಿದೆ. ನೂರು ಅಂದದ್ದು ಸೆಕೆಂಡಿಗೆ ಹನ್ನೆರಡೂವರೆ ಎಂಬಿ ಆಗುತ್ತದೆ. ಅದೂ ಇಳಿಸಿಕೊಳ್ಳುವ ವೇಗ. ಏರಿಸುವ ವೇಗ ಅನೇಕ ಲೈನುಗಳಲ್ಲಿ ಅದಕ್ಕಿಂತ ಬಹಳ ಕಡಿಮೆ, ನಮ್ಮದರಲ್ಲೂ ಅಷ್ಟೇ. 20 ಎಂಬಿಪಿಎಸ್‌ನಲ್ಲಿ 200 ಜಿಬಿ ಏರಿಸಲು 22 ಗಂಟೆ, ಅದೂ ಕರೆಂಟು ಹೋಗದೆ, ಮನೆಯವರ್ಯಾರೂ ಸೀರಿಯಲ್ ಹಚ್ಚದೆ ಇದ್ದರೆ. ತೊಂಬತ್ತೆಂಟು ಪರ್ಸೆಂಟಿಗೆ ಬಂದು ನಿಂತರೆ? ಅಂಥ ಹೊತ್ತಿಗೆ, ಎಲ್ಲಿ ನಿಂತಿತೋ ಅಲ್ಲಿಂದ ಮುಂದುವರಿಸಲು ಬರುವ ಆರ್‌ಸಿಂಕ್‌ನಂಥದ್ದು ಬೇಕು. ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಕೊಟ್ಟದ್ದು. ಎರಡೂ ಕಡೆ ಹೋಲಿಸಿ ನೋಡಿ, ವ್ಯತ್ಯಾಸವಿದ್ದಷ್ಟನ್ನೇ ಕಳಿಸುತ್ತದೆ. ದಿನಾ ಬದಲಾಗುವ ಕಡತಗಳಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಫೈಲು ಸಾಗಿಸುವ ತಲೆನೋವೂ ಇಂದಿನದಲ್ಲ. ಕಾನ್ಪುರ ಐಐಟಿಯಲ್ಲಿ ಓದಿ ಎಂಐಟಿಗೆ ಹೋದ ಅಭಯ್ ಭೂಷಣ್ ಎಫ್‌ಟಿಪಿಯ ನಿಯಮಾವಳಿ ಬರೆದದ್ದು 1971ರಲ್ಲಿ. ಆಗ ಡ್ರೋನಿರಲಿಲ್ಲ, ಅವರ ಪುಣ್ಯ.

ಎರಡೂ ಕಂಪ್ಯೂಟರು ಒಂದೇ ಕೋಣೆಯಲ್ಲಿದ್ದರೆ ಇಷ್ಟು ಮಾತೇ ಬೇಡ. ನಡುವೆ ಒಂದು ಲ್ಯಾನ್ ಕೇಬಲ್ ಸಿಕ್ಕಿಸಿ, ಗಿಗಾಬಿಟ್ ಪೋರ್ಟಾದರೆ ಸೆಕೆಂಡಿಗೆ ನೂರು ಎಂಬಿಗೂ ಮೀರಿ ಓಡುತ್ತದೆ. ಈಗಿನ ತೆಳ್ಳನೆ ಲ್ಯಾಪ್‌ಟಾಪುಗಳಿಗೆ ಆ ತೂತೇ ಇಲ್ಲ ಅನ್ನುವುದು ಬೇರೆ ಮಾತು.

ನಮ್ಮದು ನಾನೂರು ಕಿಲೊಮೀಟರ್ ದೂರದ ಪ್ರಶ್ನೆ. ‘ಡಿಸ್ಕಿಗೆ ಹಾಕಿ ರಾತ್ರಿ ಬಸ್ಸಿಗೆ ಕಳಿಸೋಣು’ ಅಂತ ನಾನು ಅಂದದ್ದೇ ತಡ, ಅಣ್ಣನ ಮಗ ನಕ್ಕ. ನಗಲಿ. 2009ರಲ್ಲಿ ದಕ್ಷಿಣ ಆಫ್ರಿಕದಲ್ಲಿ ವಿನ್‌ಸ್ಟನ್ ಅನ್ನುವ ಪಾರಿವಾಳದ ಕಾಲಿಗೆ 4 ಜಿಬಿ ಕಾರ್ಡು ಕಟ್ಟಿ ಡರ್ಬನ್ ಕಡೆಗೆ ಹಾರಿಸಿದರು. ಹಾರಿದ್ದು 1 ಗಂಟೆ 8 ನಿಮಿಷ, ಕಾರ್ಡಿನಿಂದ ಇಳಿಸಿಕೊಂಡದ್ದೂ ಸೇರಿ ಎರಡು ಗಂಟೆ ಚಿಲ್ಲರೆ. ಅಷ್ಟು ಹೊತ್ತಿನಲ್ಲಿ ಇಂಟರ್ನೆಟ್ ಲೈನು ಸಾಗಿಸಿದ್ದು ನೂರಕ್ಕೆ ನಾಲ್ಕು ಪಾಲು. 2019ರಲ್ಲಿ ಜಗತ್ತೆಲ್ಲ ನೋಡಿದ ಕಪ್ಪುಕುಳಿಯ ಚಿತ್ರವಿದೆಯಲ್ಲ, ಅದರ 5 ಪೆಟಾಬೈಟ್ ಮಾಹಿತಿ ಬಂದದ್ದೂ ವಿಮಾನದಲ್ಲೇ, ಅರ್ಧ ಟನ್ ಹಾರ್ಡ್‌ಡಿಸ್ಕುಗಳಾಗಿ. ದಕ್ಷಿಣ ಧ್ರುವದ ಡಿಸ್ಕುಗಳಂತೂ ಅಲ್ಲಿಯ ಚಳಿಗಾಲ ಕಳೆದು ವಿಮಾನ ಇಳಿಯುವವರೆಗೆ ತಿಂಗಳುಗಟ್ಟಲೆ ಕಾದು ಕೂತಿದ್ದವು.

ಲೆಕ್ಕ ಹಾಕೋಣ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಎಂಟು ಗಂಟೆ. ಡಿಸ್ಕಿಗೆ ತುಂಬಲು ಅರ್ಧ ಗಂಟೆ, ಅಲ್ಲಿ ಇಳಿಸಲು ಅರ್ಧ. ಹಳೆಯ ಯುಎಸ್‌ಬಿ 2 ಪೋರ್ಟಿಗೆ ಸಿಕ್ಕಿಸಿದರೆ ಹೆಚ್ಚುಕಮ್ಮಿ ಎರಡೆರಡು ಗಂಟೆ, ಹಾಗಾಗಿ ಒಳಗೆ ನೀಲಿ ಇರುವ ಪೋರ್ಟು ಹುಡುಕಿ. ಒಟ್ಟು ಒಂಬತ್ತು ಗಂಟೆ ಅಂದರೆ ನಮ್ಮ ಬಸ್ಸಿನ ವೇಗ ಸುಮಾರು 49 ಎಂಬಿಪಿಎಸ್, ಮನೆಯ ಲೈನು ಏರಿಸುವ 20ರ ಎರಡೂವರೆ ಪಟ್ಟು. ಅದೇ ಡಿಸ್ಕಿಗೆ ಹತ್ತು ಮದುವೆ ತುಂಬಿದರೂ ಬಸ್ಸಿನ ಓಟ ನಿಧಾನವಾಗುವುದಿಲ್ಲ, ಕಾಪಿ ಮಾಡುವ ಹೊತ್ತಷ್ಟೇ ಹೆಚ್ಚುತ್ತದೆ. ಕಾಪಿ ಅಂದೆ, ಕಟ್ ಅಲ್ಲ. ಬೀಗರು ತೆರೆದು ನೋಡಿ ‘ಬಂತು’ ಅನ್ನುವವರೆಗೆ ಇಲ್ಲಿಯ ಪ್ರತಿ ಇಲ್ಲೇ ಇರಲಿ.

ಇನ್ನು ಡಿಸ್ಕು ಯಾರ ಕೈಲಿ ಕಳಿಸುವುದು? ‘ನಾ ಹೊಂಟೇನಲ್ಲ, ಕೊಡು ಇಲ್ಲೆ’ ಅಂದರು ಮಾಮಾ. ಮಾಮಾ ಹೊರಟರೆ ದಾವಣಗೆರೆಯಲ್ಲಿ ಇಳಿಯುತ್ತಾರೆ, ಬೆಣ್ಣೆದೋಸೆ ತಿನ್ನುತ್ತಾರೆ, ತಂಗಿಯ ಮನೆಯಲ್ಲಿ ಎರಡು ದಿನ ಇರುತ್ತಾರೆ. ಆಗ ವೇಗ 8 ಎಂಬಿಪಿಎಸ್‌ಗಿಂತ ಕೆಳಗೆ. ಅದಕ್ಕಿಂತ ಫೈಬರೇ ವಾಸಿ.